ನಿಮ್ಮ ಬೆಡಗು ಯಾವುದು?

(ಮಚ್ಛೆಯ ಅಕ್ಷರ ಕಲಿಕೆ ವರ್ಗದಲ್ಲಿ ಮಾಡಿದ ಮಾತು)



ಸುಗ್ಗಿ ಮುಗಿದ ಮೇಲೆ ನಮ್ಮ ಕಡೆ ಹಳ್ಳಿಗಳಿಗೆ ಹೆಳವ ಬರ್ತಾನೆ. ನಿಮ್ಮಲ್ಲಿ ಬಹಳ ಮಂದಿ ನೋಡಿದ್ದೀರಿ. ಮೊದಲು ಎತ್ತಿನ ಮೇಲೆ ಕೂತು, ಗಂಟೆ ಬಾರಿಸುತ್ತ ಬರುತ್ತಿದ್ದ. ಮನೆ ಮುಂದೆ ನಿಂತು ಅಜ್ಜ, ಮುತ್ತಜ್ಜ, ಅವರಪ್ಪ ಅಂತ ಹೆಸರು ಹೇಳ್ತಾ ಹೋಗ್ತಾನೆ. ನಿಮ್ಮ ಹಿರಿಯರು ಯಾವ ಊರಿನಿಂದ ಬಂದರು, ಮನೆದೇವರು ಯಾರು, ಬೆಡಗು ಯಾವುದು, ಎಲ್ಲಾ ಹೇಳ್ತಾನೆ. ನಾವು ಕಾಳು, ರೊಕ್ಕ, ಅರಿವೆ ಕೊಡ್ತೀವಿ. ಹಿಂದೆ ಇದೆಲ್ಲ ಹೆಳವರ ಬಾಯಲ್ಲೇ ಇತ್ತು. ಆಮೇಲೆ ಪುಸ್ತಕದಲ್ಲಿ ಬರೆದಿಟ್ಟುಕೊಂಡರು.

ಬೆಡಗು ಅಂದರೆ ಒಂದೇ ಮೂಲದಿಂದ ಬಂದ ಮನೆತನಗಳು. ಕುರುಬರಲ್ಲಿ ಆನೆ, ಅರಿಶಿಣ, ಬನ್ನಿ, ಜೀರಿಗೆ, ಬೆಳ್ಳಿ ಅಂತ ಎಷ್ಟೋ ಬೆಡಗುಗಳಿವೆ. ಒಂದೇ ಬೆಡಗಿನವರು ಅಣ್ಣ-ತಂಗಿ ಲೆಕ್ಕ. ಅವರೊಳಗೆ ಹೆಣ್ಣು ಕೊಡೋದು, ತರೋದು ಇಲ್ಲ. ನಮ್ಮ ಮಚ್ಛೆಯಲ್ಲಿ ಮರಾಠಿ ಮನೆಗಳೂ ಬಹಳ. ಮರಾಠರು ಇಂಥದಕ್ಕೆ ದೇವಕ ಅಂತಾರೆ. ಎರಡೂ ಕಡೆ ದೇವಕ ಒಂದೇ ಬಂತೋ, ಮಾತುಕತೆ ಅಲ್ಲಿಗೇ ನಿಂತಿತು. ಬೆಡಗಿನಲ್ಲಿ ಮೇಲು-ಕೀಳು ಇಲ್ಲ. ಬೆಳ್ಳಿಯವರು ದೊಡ್ಡವರು, ಜೀರಿಗೆಯವರು ಸಣ್ಣವರು ಅಂತ ಯಾರಾದರೂ ಹೇಳಿದರೆ ನಂಬಬೇಡಿರಿ.

ಇಂಥ ಬೆಡಗು ನಮ್ಮಲ್ಲಿ ಮಾತ್ರ ಅಂತ ತಿಳಿದೀರೇನು? ಹಿಮಾಲಯ ದಾಟಿ, ಚೀನಾದ ಆಚೆ ಬಡಗಣ ದಿಕ್ಕಿಗೆ ಮಂಗೋಲಿಯಾ ಅನ್ನೋ ದೇಶ ಇದೆ. ಭಾರೀ ಚಳಿ. ಕಣ್ಣು ಹಾಯುವವರೆಗೂ ಹುಲ್ಲುಗಾವಲು. ಅಲ್ಲಿಯವರೂ ಕುರಿ ಕಾಯುವವರು. ನಮ್ಮವರು ಉಣ್ಣೆಯಿಂದ ಕಂಬಳಿ ನೇಯ್ದರೆ, ಅವರು ಉಣ್ಣೆಯನ್ನು ತೊಯ್ಸಿ, ಒತ್ತಿ ದಪ್ಪ ಹಾಸು ಮಾಡಿ ಅದನ್ನೇ ಗುಡಾರಕ್ಕೆ ಹೊದಿಸ್ತಾರೆ. ಅವರಲ್ಲೂ ಬೆಡಗುಗಳಿದ್ದವು. ಅವರಲ್ಲೂ ಹೆಣ್ಣನ್ನು ಬೇರೆ ಬೆಡಗಿನಿಂದಲೇ ತರಬೇಕಿತ್ತು.

ಸುಮಾರು 850 ವರ್ಷದ ಹಿಂದೆ ಅಲ್ಲಿ ಬೋರ್ಜಿಗಿನ್ ಬೆಡಗಿನಲ್ಲಿ ತೆಮುಜಿನ್ ಅಂತ ಹುಡುಗ ಹುಟ್ಟಿದ. ಒಂಬತ್ತು ವರ್ಷಕ್ಕೆ ಅಪ್ಪ ಅವನಿಗೆ ಹೆಣ್ಣು ನೋಡಲು ಒಂಗಿರಾದ್ ಕುಲದವರ ಕಡೆ ಕರೆದುಕೊಂಡು ಹೋದ. ಹೆಣ್ಣು ಗೊತ್ತಾಯಿತು. ಹೊಳ್ಳಿ ಬರುವಾಗ ಹಗೆಯವರಾದ ತಾತಾರರು ಅಪ್ಪನಿಗೆ ಊಟದಲ್ಲಿ ವಿಷ ಹಾಕಿದರು. ಅಪ್ಪ ಸತ್ತ. ಆಗ ಹತ್ತಿರದ ಸಂಬಂಧಿಕರೇ, ತಾಯಿಚಿಯುದ್ ಬೆಡಗಿನವರು, ಆ ವಿಧವೆಯನ್ನೂ ಮಕ್ಕಳನ್ನೂ ಹುಲ್ಲುಗಾವಲಲ್ಲಿ ಬಿಟ್ಟು ಹೋದರು. ಬೆಡಗು ಕೈ ಹಿಡಿಯುತ್ತದೆ ಅಂತೀವಿ. ನೋಡ್ರಿ, ಕೈ ಬಿಡೋದೂ ಉಂಟು. ತಾಯಿ ಹೋಎಲುನ್ ಗೆಡ್ಡೆ ಗೆಣಸು, ಕಾಡು ಉಳ್ಳಾಗಡ್ಡಿ ಕಿತ್ತು ತಂದು ಮಕ್ಕಳನ್ನು ಸಾಕಿದಳು.

ಆ ಹುಡುಗನೇ 1206ರಲ್ಲಿ ಎಲ್ಲಾ ಕುಲಗಳನ್ನು ಕೂಡಿಸಿ ಚಂಗೀಸ್ ಖಾನ ಆದ. ದಂಡಿನಲ್ಲಿ ಬೇರೆ ಬೇರೆ ಕುಲದವರನ್ನು ಬೆರೆಸಿದ. ಹತ್ತು ಜನ, ನೂರು ಜನ, ಸಾವಿರ ಜನ ಅಂತ ಗುಂಪು ಕಟ್ಟಿದ. ಮುಂದೆ ಅವನ ದಂಡು ಊರೂರು ಸುಟ್ಟಿತು, ಲಕ್ಷಾಂತರ ಜನರನ್ನು ಕೊಂದಿತು. ಅದನ್ನು ನಾನು ಹೊಗಳುವುದಿಲ್ಲ. ಆದರೆ ಒಂದು ಮಾತು ನಿಮಗೆ ಹೇಳಲೇಬೇಕು. ಅವನಿಗೆ ಓದು ಬರಹ ಇರಲಿಲ್ಲ. ಅವನ ಜನಕ್ಕೆ ಲಿಪಿಯೇ ಇರಲಿಲ್ಲ. 1204ರಲ್ಲಿ ನೈಮಾನ್ ಕುಲದವರನ್ನು ಗೆದ್ದಾಗ ತಾತಾತುಂಗ ಅನ್ನೋ ಬರಹಗಾರ ಸೆರೆ ಸಿಕ್ಕ. ಅವನು ಉಯಿಘೂರ್ ಜನದವನು. ಖಾನ ಅವನನ್ನು ಕೊಲ್ಲಲಿಲ್ಲ. ನಮ್ಮ ಮಕ್ಕಳಿಗೆ ಅಕ್ಷರ ಕಲಿಸು ಅಂತ ಕೂಡಿಸಿದ. ಆ ಲಿಪಿಯನ್ನು ಮೇಲಿನಿಂದ ಕೆಳಗೆ ಬರೀತಾರೆ, ಬಾವಿಗೆ ಹಗ್ಗ ಬಿಟ್ಟಂಗೆ.

ಇನ್ನೊಂದು ಸಂಗತಿ ಕೇಳಿರಿ. 1925ರಲ್ಲಿ ಅಲ್ಲಿಯ ಸರಕಾರ ಬೆಡಗಿನ ಹೆಸರು ಹೇಳಬಾರದು ಅಂತ ಕಾನೂನು ಮಾಡಿತು. ಎಪ್ಪತ್ತು ವರ್ಷದ ಮೇಲೆ, 1990ರ ದಶಕದಲ್ಲಿ, ಹೆಸರು ಇರಲೇಬೇಕು ಅಂತ ಮತ್ತೊಂದು ಕಾನೂನು ಬಂತು. ಅಷ್ಟೊತ್ತಿಗೆ ಬಲ್ಲ ಹಿರಿಯರು ತೀರಿಹೋಗಿದ್ದರು. ಬಹಳ ಜನಕ್ಕೆ ತಮ್ಮ ಬೆಡಗೇ ಗೊತ್ತಿಲ್ಲ! ಎಷ್ಟೋ ಮಂದಿ ಚಂಗೀಸ್ ಖಾನನ ಬೋರ್ಜಿಗಿನ್ ಹೆಸರನ್ನೇ ಬರೆಸಿದರು. 1981ರಲ್ಲಿ ರಾಕೆಟ್ಟಿನಲ್ಲಿ ಹೋಗಿಬಂದ ಗುರ್ರಗ್ಚಾ ಎಂಬವರು 'ಸನ್ಸಾರ್' ಅಂತ ಹೊಸ ಹೆಸರು ಇಟ್ಟುಕೊಂಡರು. ಅದು ನಮ್ಮ 'ಸಂಸಾರ'ವೇ. ಬುದ್ಧನ ಧರ್ಮದ ಜೊತೆ ಅಲ್ಲಿಗೆ ಹೋದ ಮಾತು. ಅಲ್ಲಿ ಅದಕ್ಕೆ ಬಾಹ್ಯಾಕಾಶ ಅಂತ ಅರ್ಥ.

ಹೋದ ವಾರ ಇದನ್ನೆಲ್ಲ ವರ್ಗದಲ್ಲಿ ಹೇಳುವಾಗ ಒಬ್ಬ ಅಜ್ಜಿ ಕೇಳಿದರು: "ಗುರುಗಳ, ಹೆಳವನ ಪುಸ್ತಕದಾಗ ನನ್ನ ಹೆಸರು ಐತೇನ್ರಿ?"

ನಾನು ಸುಮ್ಮನಾದೆ. ಅಪ್ಪ, ಮಗ, ಮೊಮ್ಮಗ, ಹೀಗೆ ಗಂಡಸರ ಸಾಲೇ ಅಲ್ಲಿ ಮುಖ್ಯ. ಮಂಗೋಲರ ಹಳೇ ಕಥೆಯಲ್ಲಾದರೂ ಬೋರ್ಜಿಗಿನ್ ಬೆಡಗಿನ ಮೂಲಕ್ಕೆ ಅಲಾನ್ ಗೋವಾ ಅನ್ನೋ ತಾಯಿ ಇದ್ದಾಳೆ. ಜಗಳಾಡುವ ಐದು ಮಕ್ಕಳ ಕೈಗೆ ಒಂದೊಂದು ಬಾಣ ಕೊಟ್ಟು ಮುರಿಸಿದಳು. ಆಮೇಲೆ ಐದೂ ಬಾಣ ಕೂಡಿಸಿ ಕೊಟ್ಟಳು. ಯಾರಿಂದಲೂ ಮುರಿಯಲಿಲ್ಲ.

ಅಜ್ಜಿ ಪುಸ್ತಕದ ಹಿಂದಿನ ಹಾಳೆ ತೆಗೆದರು. ತಮ್ಮ ಹೆಸರು ಬರೆದರು. ಕೆಳಗೆ ಅವ್ವನ ಹೆಸರು ಬರೆದರು. ಅವ್ವನ ಅವ್ವನ ಹೆಸರಿಗೆ ಪೆನ್ಸಿಲ್ ನಿಂತಿತು. "ಆಯೀ ಅಂತಿದ್ವಿ ಅಷ್ಟ. ಹೆಸರು ಕೇಳಿದ್ದಿಲ್ರಿ" ಅಂದರು. ಖಾನಾಪುರದ ಕಡೆ ಅವರ ಚಿಕ್ಕವ್ವ ಇನ್ನೂ ಇದ್ದಾರಂತೆ. ಕೇಳಿಕೊಂಡು ಸೋಮವಾರ ಬರ್ತಾರೆ. ಆ ಸಾಲು ಹಾಗೇ ಖಾಲಿ ಬಿಟ್ಟಿದ್ದೀವಿ.