ಕೊಡುಕೊಳ್ಳುವಿಕೆಯ ನೀತಿ: ಸ್ವತಂತ್ರ ಸಮಾಜದಲ್ಲಿ ಉದ್ಯಮದ ನೆಲೆ

ವ್ಯಾಪಾರವನ್ನು ಕುರಿತು ಕನ್ನಡದ ಜನಮನಸ್ಸು ಎರಡು ಮಾತುಗಳನ್ನು ಒಟ್ಟಿಗೇ ಉಳಿಸಿಕೊಂಡು ಬಂದಿದೆ. ‘ವ್ಯಾಪಾರಂ ದ್ರೋಹಚಿಂತನಂ’ ಎಂಬುದು ಒಂದು, ‘ಕಾಸಿಗೆ ತಕ್ಕ ಕಜ್ಜಾಯ’ ಎಂಬುದು ಇನ್ನೊಂದು. ಮೊದಲನೆಯದು ಮಾರುವವನ ಮನಸ್ಸಿನಲ್ಲಿ ಮೋಸವನ್ನೇ ಮುಂದಾಗಿ ಕಾಣುತ್ತದೆ; ಎರಡನೆಯದು, ತುಸು ಕೊಂಕಿನ ದನಿಯಲ್ಲೇ ಆದರೂ, ಕೊಟ್ಟದ್ದಕ್ಕೂ ಪಡೆದದ್ದಕ್ಕೂ ನಡುವೆ ಒಂದು ಅಳತೆ ಇದೆಯೆಂದು ಒಪ್ಪಿಕೊಳ್ಳುತ್ತದೆ. ಉದ್ಯಮದ ನೈತಿಕತೆಯನ್ನು ಚರ್ಚಿಸುವ ವಿದ್ವತ್ ಸಭೆಗಳು ಸಾಮಾನ್ಯವಾಗಿ ಮೊದಲ ಮಾತಿನ ನೆರಳಿನಲ್ಲೇ ಆರಂಭವಾಗುತ್ತವೆ: ಲಾಭವೆಂಬುದು ಹೇಗೂ ಅನುಮಾನಕ್ಕೆ ಎಡೆಯಾದದ್ದು, ಆದ್ದರಿಂದ ಅದರಲ್ಲೊಂದು ಪಾಲನ್ನು ಶಾಲೆಗೋ ಆಸ್ಪತ್ರೆಗೋ ಕೊಟ್ಟು ಪ್ರಾಯಶ್ಚಿತ್ತ ಮಾಡಿಕೊಳ್ಳಬೇಕು ಎಂಬ ಎಣಿಕೆ ಅವುಗಳ ಹಿಂದಿರುತ್ತದೆ. ಈ ವಿಚಾರ ಸಂಕಿರಣದ ಆಶಯ ಬೇರೆ. ಉದ್ಯಮಕ್ಕೆ ನೈತಿಕ ಬೆಲೆಯೊಂದಿದ್ದರೆ ಅದನ್ನು ಕೊಡುಕೊಳ್ಳುವಿಕೆಯ ಒಳಗೇ, ಅಂದರೆ ತಕ್ಕಡಿಯಲ್ಲಿ, ಕಿರ್ದಿ ಪುಸ್ತಕದಲ್ಲಿ, ಸಂಬಳ ಬಟವಾಡೆಯ ದಿನದಲ್ಲಿ, ಬಿಲ್ಲಿನ ಹಣ ಕೈಸೇರುವ ತಾರೀಖಿನಲ್ಲಿ ಹುಡುಕಬೇಕು. ಲಾಭ ಬಂದ ಮೇಲಿನ ದಾನ ಎಷ್ಟೇ ದೊಡ್ಡದಾದರೂ ಆ ಬೆಲೆಯ ಜಾಗವನ್ನು ತುಂಬಲಾರದು ಎಂಬುದೇ ಇಲ್ಲಿಯ ಪ್ರತಿಪಾದನೆ.

‘ಸ್ವತಂತ್ರ ಸಮಾಜ’ವೆಂದರೆ ಸರ್ಕಾರವಿಲ್ಲದ ಸಮಾಜವಲ್ಲ, ಹಣವಂತರು ಮನಬಂದಂತೆ ನಡೆಯಬಹುದಾದ ಸಮಾಜವೂ ಅಲ್ಲ. ಯಾವ ಕಸುಬು ಹಿಡಿಯಬೇಕು, ಯಾರಿಂದ ಕೊಳ್ಳಬೇಕು, ಯಾರಿಗೆ ‘ಬೇಡ’ ಎನ್ನಬೇಕು ಎಂಬುದನ್ನು ಹುಟ್ಟಾಗಲಿ ಅಧಿಕಾರಿಯ ಅಪ್ಪಣೆಯಾಗಲಿ ತೀರ್ಮಾನಿಸದೆ, ಎಲ್ಲರಿಗೂ ಒಂದೇ ಆದ ಕಾನೂನಿನ ಬೇಲಿಯೊಳಗೆ ವ್ಯಕ್ತಿಯೇ ತೀರ್ಮಾನಿಸಿಕೊಳ್ಳಬಲ್ಲ ಸಮಾಜ ಎಂಬ ಅರ್ಥದಲ್ಲಿ ಆ ಪದವನ್ನು ಇಲ್ಲಿ ಬಳಸಲಾಗಿದೆ. ಭಾರತದ ಸಂವಿಧಾನದಲ್ಲಿ ಈ ಕಲ್ಪನೆ ಎರಡು ಕಡೆ ಕಾಣಿಸಿಕೊಳ್ಳುತ್ತದೆ. ಯಾವುದೇ ವೃತ್ತಿ ಅಥವಾ ವ್ಯಾಪಾರವನ್ನು ನಡೆಸುವ ಹಕ್ಕನ್ನು ನಾಗರಿಕರಿಗೆ ಕೊಟ್ಟು, ಸಾರ್ವಜನಿಕ ಹಿತಕ್ಕಾಗಿ ಯುಕ್ತ ನಿರ್ಬಂಧ ಹಾಕುವ ಅಧಿಕಾರವನ್ನು ರಾಜ್ಯಕ್ಕೆ ಉಳಿಸುವ 19ನೆಯ ವಿಧಿಯನ್ನು ಅರ್ಥಶಾಸ್ತ್ರಜ್ಞರು ಮತ್ತೆ ಮತ್ತೆ ನೆನೆಯುತ್ತಾರೆ. ಆದರೆ ಜಾತಿ, ಧರ್ಮ, ಲಿಂಗ ಅಥವಾ ಹುಟ್ಟಿದ ಸ್ಥಳದ ಕಾರಣಕ್ಕೆ ಯಾರನ್ನೂ ಅಂಗಡಿ, ಹೋಟೆಲುಗಳಿಂದ ಹೊರಗಿಡಕೂಡದೆನ್ನುವ 15ನೆಯ ವಿಧಿಯ ಎರಡನೆಯ ಖಂಡವನ್ನು ವಾಣಿಜ್ಯದ ಚರ್ಚೆಯಲ್ಲಿ ಯಾರೂ ಎತ್ತುವುದಿಲ್ಲ. ಅಂಗಡಿ ತೆರೆಯುವ ಹಕ್ಕು, ಅಂಗಡಿಯ ಮೆಟ್ಟಿಲು ಹತ್ತುವ ಹಕ್ಕು, ಇವೆರಡೂ ಮೂಲಭೂತ ಹಕ್ಕುಗಳ ಒಂದೇ ಭಾಗದಲ್ಲಿರುವುದು ಆಕಸ್ಮಿಕವಲ್ಲ. ಪ್ರವೇಶವೇ ಇಲ್ಲದ ಕಡೆ ಒಪ್ಪಿಗೆಯ ಮಾತೂ ಇಲ್ಲ, ಒಪ್ಪಿಗೆ ಇಲ್ಲದ ಕಡೆ ವ್ಯಾಪಾರವೆಂಬುದು ಸುಲಿಗೆಗೆ ಇನ್ನೊಂದು ಹೆಸರಾಗುತ್ತದೆ.

ಕರ್ನಾಟಕದಲ್ಲಿ ನಡೆಯುವ ಇಂಥ ಯಾವ ಸಭೆಯಲ್ಲೂ ‘ಕಾಯಕ’ ಎಂಬ ಪದ ಬಾರದೆ ಇರುವುದಿಲ್ಲ; ಎಷ್ಟೋ ವೇಳೆ ಅದು ವೇದಿಕೆಯ ಹಿಂದಿನ ಬ್ಯಾನರಿನಲ್ಲೇ ಇರುತ್ತದೆ. 12ನೆಯ ಶತಮಾನದ ಶರಣರು ದುಡಿಮೆಗೆ ಕೊಟ್ಟ ಘನತೆಯನ್ನು ಆಧುನಿಕ ಕಂಪನಿಯ ಮುನ್ನುಡಿಯಾಗಿ ಓದುವುದರಲ್ಲಿ ಒಂದು ತೊಡಕಿದೆ. ಅಂಗಳದಲ್ಲಿ ಬಿದ್ದ ಅಕ್ಕಿಯನ್ನು ಆಯುವ ಕಾಯಕದ ಮಾರಯ್ಯ ಒಂದು ದಿನ ಅಗತ್ಯಕ್ಕಿಂತ ಹೆಚ್ಚು ಅಕ್ಕಿ ತಂದಾಗ ಅವನ ಮಡದಿ ಲಕ್ಕಮ್ಮ ಅದನ್ನು ಹಿಂದಕ್ಕೆ ಕಳುಹಿಸಿದಳು ಎಂಬ ಪ್ರಸಂಗ ಬಂಡವಾಳ ಕೂಡಿಡುವುದಕ್ಕೆ ಸಮ್ಮತಿ ಕೊಡುವುದಿಲ್ಲ. ಅದರ ಎದುರಿಗೇ ನಿಲ್ಲುತ್ತದೆ. ಹಾಗೆಂದು ಶರಣರಿಂದ ಈ ಚರ್ಚೆಗೆ ಏನೂ ದೊರೆಯುವುದಿಲ್ಲವೆಂದಲ್ಲ. ಸಮುದಾಯಕ್ಕೆ ಅರ್ಪಿಸುವ ದಾಸೋಹವು ಶುದ್ಧವಾಗಬೇಕಾದರೆ ಅದನ್ನು ಗಳಿಸಿದ ಕಾಯಕ ಮೊದಲು ಶುದ್ಧವಾಗಿರಬೇಕು ಎಂಬ ಅವರ ನಿಲುವು, ಗಳಿಕೆಯ ಕೊಳೆಯನ್ನು ಕೊಡುಗೆಯಿಂದ ತೊಳೆಯಬಹುದೆಂಬ ಇಂದಿನ ಅನುಕೂಲಕರ ನಂಬಿಕೆಯನ್ನು ಬುಡದಲ್ಲೇ ಕತ್ತರಿಸುತ್ತದೆ.

ಈ ಮಾತಿಗೆ ಹತ್ತಿರದ ನಿದರ್ಶನವೆಂದರೆ ಕರಾವಳಿಯ ಬ್ಯಾಂಕುಗಳು. ಇಂದಿನ ದಕ್ಷಿಣ ಕನ್ನಡ, ಉಡುಪಿ ಜಿಲ್ಲೆಗಳಷ್ಟು ಸಣ್ಣ ನೆಲದಲ್ಲಿ 1906ರಿಂದ 1931ರವರೆಗಿನ 25 ವರ್ಷಗಳಲ್ಲಿ ಐದು ಬ್ಯಾಂಕುಗಳು ಹುಟ್ಟಿ ದೇಶದ ಮಟ್ಟಕ್ಕೆ ಬೆಳೆದವು. ಉಡುಪಿಯಲ್ಲಿ ಹಾಜಿ ಅಬ್ದುಲ್ಲಾ ಸಾಹೇಬರ ಮುಂದಾಳುತನದಲ್ಲಿ ಕಾರ್ಪೊರೇಷನ್ ಬ್ಯಾಂಕಿನ ಮೂಲ ಸಂಸ್ಥೆ, ಮಂಗಳೂರಿನಲ್ಲಿ ಅಮ್ಮೆಂಬಳ ಸುಬ್ಬರಾವ್ ಪೈಯವರಿಂದ ಕೆನರಾ ಬ್ಯಾಂಕಿನ ಮೂಲ ಸಂಸ್ಥೆ, ಇವೆರಡೂ 1906ರವು. 1924ರಲ್ಲಿ ಕರ್ಣಾಟಕ ಬ್ಯಾಂಕ್, 1925ರಲ್ಲಿ ಮುಂದೆ ಸಿಂಡಿಕೇಟ್ ಬ್ಯಾಂಕ್ ಎನಿಸಿದ ಸಂಸ್ಥೆ, 1931ರಲ್ಲಿ ವಿಜಯಾ ಬ್ಯಾಂಕ್. ಇವುಗಳಲ್ಲಿ 1925ರದು ಈ ಚರ್ಚೆಗೆ ತೀರ ಪ್ರಸ್ತುತ. ಕೈಮಗ್ಗದ ಕಸುಬು ಕುಸಿದು ಕಂಗೆಟ್ಟಿದ್ದ ನೇಕಾರರಿಗೆ ಸಾಲ ದೊರಕಿಸುವ ಉದ್ದೇಶದಿಂದ ಉಪೇಂದ್ರ ಅನಂತ ಪೈ, ವಾಮನ ಕುಡ್ವ ಮತ್ತು ವೈದ್ಯರಾಗಿದ್ದ ಟಿ.ಎಂ.ಎ. ಪೈ ಅವರು 8,000 ರೂಪಾಯಿ ಬಂಡವಾಳದಲ್ಲಿ ಅದನ್ನು ಉಡುಪಿಯಲ್ಲಿ ಆರಂಭಿಸಿದರು. 1928ರಲ್ಲಿ ಅದು ‘ಪಿಗ್ಮಿ’ ಎಂಬ ಠೇವಣಿಯನ್ನು ತಂದಿತು. ಬ್ಯಾಂಕಿನ ಪ್ರತಿನಿಧಿಯೇ ದಿನವೂ ಮನೆಬಾಗಿಲಿಗೆ ಬಂದು ಎರಡಾಣೆಯಷ್ಟು ಸಣ್ಣ ಮೊತ್ತವನ್ನೂ ಪಡೆದು ಖಾತೆಗೆ ಜಮಾ ಮಾಡುವ ಏರ್ಪಾಡು ಅದು. ಎರಡಾಣೆಯೆಂದರೆ ಆಗಿನ ರೂಪಾಯಿಯ ಎಂಟನೆಯ ಒಂದು ಪಾಲು.

ಈ ಏರ್ಪಾಡಿನ ಒಳಗನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. ಮೀನು ಮಾರುವ, ಬೀಡಿ ಕಟ್ಟುವ, ಗೂಡಂಗಡಿ ಇಟ್ಟ ಜನರ ಗಳಿಕೆ ದಿನದ ಲೆಕ್ಕದ್ದು. ಸಂಜೆ ಕೈಗೆ ಬಂದದ್ದು ರಾತ್ರಿಯೊಳಗೆ ಹತ್ತು ದಾರಿಯಲ್ಲಿ ಕರಗುತ್ತದೆ. ಬ್ಯಾಂಕಿನ ಬಾಗಿಲು ತೆರೆದಿರುವ ಹೊತ್ತೆಂದರೆ ಅವರ ದುಡಿಮೆಯ ಹೊತ್ತೇ. ಒಂದು ದಿನದ ಕೂಲಿ ಬಿಟ್ಟು ಹೋದರೂ ಅಲ್ಲಿಯ ಮೇಜು, ಗುಮಾಸ್ತರ ನೋಟ, ಅರ್ಜಿಯ ಭಾಷೆ ಅವರನ್ನು ಹೊಸ್ತಿಲಲ್ಲೇ ತಡೆಯುತ್ತವೆ. ಪಿಗ್ಮಿಯವರು ಬರುವುದು ಗೊತ್ತಾದ ಹೊತ್ತಿಗೆ. ಕೊಟ್ಟ ಹಣವನ್ನು ಕೊಟ್ಟವರ ಕಣ್ಣೆದುರೇ ಬರೆದುಕೊಳ್ಳುತ್ತಾರೆ. ಓದು ಬಾರದವರೂ ತಮ್ಮ ಅಂಕಿ ಬೆಳೆಯುವುದನ್ನು ಗುರುತು ಹಿಡಿಯುತ್ತಾರೆ. ಇಂದು ಮನಸ್ಸಿಲ್ಲವೆಂದರೆ ‘ನಾಳೆ ಬನ್ನಿ’ ಎಂದು ಕಳುಹಿಸುವ ಅಧಿಕಾರ ಠೇವಣಿದಾರರದೇ. ಬ್ಯಾಂಕು ಇದನ್ನು ದಯೆಯಿಂದ ಮಾಡಲಿಲ್ಲ. ಹನಿ ಹನಿಯಾಗಿ ಕೂಡಿದ ಆ ಹಣವೇ ಅದರ ಸಾಲದ ವ್ಯವಹಾರಕ್ಕೆ ಬಂಡವಾಳವಾಯಿತು. ಕೊಟ್ಟವರಿಗೆ ಉಳಿತಾಯ, ಇಟ್ಟುಕೊಂಡವರಿಗೆ ಲಾಭ, ಎರಡರಲ್ಲೂ ಯಾರೂ ಯಾರಿಗೂ ಋಣಿಯಾಗಿ ತಲೆಬಾಗಬೇಕಾಗಿಲ್ಲ. ದಾನ ಪಡೆದವರಿಗೆ ಸಿಗದ ಒಂದು ಮರ್ಯಾದೆ ಗಿರಾಕಿಗೆ ಸಿಗುತ್ತದೆ. ಉದ್ಯಮದ ನೈತಿಕ ಕೊಡುಗೆಯಲ್ಲಿ ಎಲ್ಲಕ್ಕಿಂತ ಕಡಿಮೆ ಲೆಕ್ಕಕ್ಕೆ ಬಂದಿರುವುದು ಬಹುಶಃ ಇದೇ. ಒಂದು ಬ್ಯಾಂಕಿನ ಯೋಜನೆಯ ಹೆಸರು ಕ್ರಮೇಣ ನಾಮಪದವಾಗಿ, ‘ಪಿಗ್ಮಿ ಕಟ್ಟುವುದು’ ಎಂಬ ಕನ್ನಡ ನುಡಿಗಟ್ಟಾಗಿ ನಾಡಿನ ಪೇಟೆಗಳಲ್ಲೆಲ್ಲ ಹಬ್ಬಿತು.

1969ರ ಜುಲೈ 19ರಂದು ರಾಷ್ಟ್ರೀಕರಣಗೊಂಡ, ತಲಾ 50 ಕೋಟಿ ರೂಪಾಯಿಗೆ ಕಡಿಮೆಯಿಲ್ಲದ ಠೇವಣಿಯಿದ್ದ 14 ಬ್ಯಾಂಕುಗಳಲ್ಲಿ ಕೆನರಾ ಮತ್ತು ಸಿಂಡಿಕೇಟ್ ಎರಡೂ ಸೇರಿದ್ದವು. ಸಾಲವೆಲ್ಲ ದೊಡ್ಡ ಉದ್ಯಮಿಗಳ ಮನೆಗೇ ಹೋಗುತ್ತಿದೆ, ಹಳ್ಳಿಗೂ ಬೇಸಾಯಕ್ಕೂ ಸಿಗುತ್ತಿಲ್ಲ ಎಂಬುದು ಸರ್ಕಾರದ ವಾದ. ದೇಶದ ಒಟ್ಟು ಚಿತ್ರಕ್ಕೆ ಅದು ಒಪ್ಪುತ್ತಿತ್ತು, ರಾಷ್ಟ್ರೀಕರಣದ ನಂತರ ಗ್ರಾಮೀಣ ಶಾಖೆಗಳು ಬೆಳೆದದ್ದೂ ದಿಟ. ಆದರೆ ಎರಡಾಣೆ ಹುಡುಕಿಕೊಂಡು ಮನೆಬಾಗಿಲಿಗೆ ಹೋದ ಬ್ಯಾಂಕನ್ನೂ ಆ ಬಾಗಿಲನ್ನೇ ನೋಡದ ಬ್ಯಾಂಕನ್ನೂ ಒಂದೇ ಕೋಲಿನಲ್ಲಿ ಅಳೆಯಲಾಯಿತು ಎಂಬ ಮಾತನ್ನು ಹೇಳದೆ ಬಿಡುವುದು ಚರಿತ್ರೆಗೆ ನ್ಯಾಯವಲ್ಲ. ಆರ್.ಸಿ. ಕೂಪರ್ ಪ್ರಕರಣದಲ್ಲಿ 1970ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟಿನ 11 ನ್ಯಾಯಮೂರ್ತಿಗಳ ಪೀಠ ರಾಷ್ಟ್ರೀಕರಣದ ಕಾಯ್ದೆಯನ್ನು ಅಸಿಂಧುಗೊಳಿಸಿತು. ಕೆಲವೇ ದಿನಗಳಲ್ಲಿ ಹೊಸ ಸುಗ್ರೀವಾಜ್ಞೆ ಬಂದು ಬ್ಯಾಂಕುಗಳು ಸರ್ಕಾರದ ಕೈಯಲ್ಲೇ ಉಳಿದವು. ಉದ್ಯಮಕ್ಕೆ ಸರ್ಕಾರದ ಪರವಾನಗಿ ಬೇಕಾಗಿದ್ದ ಆ ದಶಕಗಳಲ್ಲಿ ಸ್ಕೂಟರಿಗೆ ಹೆಸರು ಬರೆಸಿ ವರ್ಷಗಟ್ಟಲೆ ಕಾದವರಿಗೆ, ಗಿರಾಕಿ ‘ಬೇಡ’ ಎನ್ನಲಾಗದ ಮಾರುಕಟ್ಟೆಯಲ್ಲಿ ಮಾರುವವನ ಸೌಜನ್ಯ ಹೇಗೆ ಒಣಗುತ್ತದೆಂಬುದನ್ನು ವಿವರಿಸಬೇಕಾಗಿಲ್ಲ.

ಮಾರುಕಟ್ಟೆಯ ಪರ ನಿಂತ ಚಿಂತಕರೂ ಮಾರುವವನ ಮೇಲಿನ ಎಚ್ಚರವನ್ನು ಬಿಟ್ಟವರಲ್ಲ. 1776ರಲ್ಲಿ ರಾಷ್ಟ್ರಗಳ ಸಂಪತ್ತನ್ನು ಕುರಿತು ಬರೆದ ಆ್ಯಡಂ ಸ್ಮಿತ್, ಅದಕ್ಕೂ 17 ವರ್ಷ ಮೊದಲು ನೈತಿಕ ಭಾವನೆಗಳ ಬಗ್ಗೆ ಬರೆದಿದ್ದ ತತ್ವಶಾಸ್ತ್ರದ ಅಧ್ಯಾಪಕ. ವರ್ತಕರು ಒಟ್ಟು ಸೇರಿದರೆ ಬೆಲೆ ಏರಿಸುವ ಸಂಚು ನಡೆಯಬಹುದೆಂದು ಶಂಕಿಸಿದವನೂ ಅವನೇ. ಲಾಭ ಹೆಚ್ಚಿಸುವುದೇ ಉದ್ಯಮದ ಸಾಮಾಜಿಕ ಹೊಣೆಯೆಂದು 1970ರಲ್ಲಿ ವಾದಿಸಿದ ಮಿಲ್ಟನ್ ಫ್ರೀಡ್‌ಮನ್ ಕೂಡ ಆಟದ ನಿಯಮದೊಳಗೆ, ಮೋಸವಿಲ್ಲದ ಮುಕ್ತ ಸ್ಪರ್ಧೆಯಲ್ಲಿ ಎಂಬ ಷರತ್ತನ್ನು ಸೇರಿಸಿದ್ದ; ಅವನನ್ನು ಹೊಗಳುವವರೂ ತೆಗಳುವವರೂ ಆ ಷರತ್ತನ್ನು ಓದಿದಂತೆ ತೋರುವುದಿಲ್ಲ.

ಇಂದಿನ ಕಾನೂನಿನ ಮಾತಿಗೆ ಬರುವುದಾದರೆ, 2013ರ ಕಂಪನಿ ಕಾಯ್ದೆಯ 135ನೆಯ ಸೆಕ್ಷನ್ ಎಲ್ಲರ ಬಾಯಲ್ಲಿದೆ: ನಿಗದಿತ ಗಾತ್ರ ಮೀರಿದ ಕಂಪನಿಗಳು ಹಿಂದಿನ ಮೂರು ವರ್ಷಗಳ ಸರಾಸರಿ ನಿವ್ವಳ ಲಾಭದಲ್ಲಿ ಶೇ. 2ರಷ್ಟನ್ನು ಸಾಮಾಜಿಕ ಹೊಣೆಗಾರಿಕೆಗೆ ಖರ್ಚು ಮಾಡಬೇಕೆನ್ನುವ ಸೆಕ್ಷನ್ ಅದು. ನಿರ್ದೇಶಕರು ಷೇರುದಾರರ ಜೊತೆಗೆ ನೌಕರರು, ಸಮುದಾಯ ಮತ್ತು ಪರಿಸರದ ಹಿತವನ್ನೂ ಗಮನದಲ್ಲಿಟ್ಟು ಪ್ರಾಮಾಣಿಕವಾಗಿ ನಡೆಯಬೇಕೆನ್ನುವ 166ನೆಯ ಸೆಕ್ಷನ್ ಬಗ್ಗೆ ಅಷ್ಟು ಸದ್ದಿಲ್ಲ, ಏಕೆಂದರೆ ಅದರಲ್ಲಿ ಕತ್ತರಿಸಲು ರಿಬ್ಬನ್ನಿಲ್ಲ. ಈ ಅಂತರವನ್ನು ಕಾಣಲು, ಪೀಣ್ಯದಂಥ ಕೈಗಾರಿಕಾ ಪ್ರದೇಶದಲ್ಲಿ ನಾಲ್ಕು ಲೇತ್ ಇಟ್ಟುಕೊಂಡು ದೊಡ್ಡ ಕಾರ್ಖಾನೆಗೆ ಬಿಡಿಭಾಗ ಮಾಡಿಕೊಡುವ ಒಂದು ಜಾಬ್ ವರ್ಕ್ ಶೆಡ್ಡನ್ನು ಕಲ್ಪಿಸಿಕೊಳ್ಳಬಹುದು. ಮಾಲು ಹೋಗಿ, ತಪಾಸಣೆ ಮುಗಿದು, ಬಿಲ್ಲು ನಾಲ್ಕು ತಿಂಗಳಾದರೂ ಲೆಕ್ಕಪತ್ರ ವಿಭಾಗದಲ್ಲೇ ಕೂತಿದ್ದರೆ, ಅಷ್ಟು ದಿನ ಕೆಲಸಗಾರರ ಸಂಬಳಕ್ಕೆ, ಕರೆಂಟ್ ಬಿಲ್ಲಿಗೆ, ಸಾಲದ ಕಂತಿಗೆ ಹಣ ಹೊಂದಿಸುವ ಶೆಡ್ಡಿನ ಮಾಲೀಕನೇ ದೊಡ್ಡ ಕಾರ್ಖಾನೆಗೆ ಬಡ್ಡಿಯಿಲ್ಲದ ಸಾಲ ಕೊಟ್ಟಂತಾಗುತ್ತದೆ. ಅತಿ ಸಣ್ಣ ಮತ್ತು ಸಣ್ಣ ಉದ್ಯಮಗಳಿಗೆ 45 ದಿನದೊಳಗೆ ಹಣ ಸಲ್ಲಬೇಕು, ತಪ್ಪಿದರೆ ಬ್ಯಾಂಕ್ ದರದ ಮೂರು ಪಟ್ಟಿನಂತೆ ಚಕ್ರಬಡ್ಡಿ ಎಂದು 2006ರ ಕಾಯ್ದೆ ಹೇಳುತ್ತದೆ. ಆದರೆ ಮುಂದಿನ ಆರ್ಡರ್ ತಪ್ಪುವ ಭಯವಿರುವಾಗ ಬಡ್ಡಿ ಕೇಳುವ ಧೈರ್ಯ ಯಾರಿಗೆ? ಅದೇ ಕಾರ್ಖಾನೆ ಪಕ್ಕದ ಸರ್ಕಾರಿ ಶಾಲೆಗೆ ಬೆಂಚು ಕೊಟ್ಟು ಫೋಟೊ ತೆಗೆಸಿಕೊಂಡಿದ್ದರೆ, ಆ ಬೆಂಚಿನ ಹಣದಲ್ಲಿ ಶೆಡ್ಡಿನವನ ಬಾಕಿಯೂ ಸೇರಿದೆಯೆನ್ನಲು ಅಡ್ಡಿಯಿಲ್ಲ.

ಇದೇ ಅಳತೆಗೋಲನ್ನು ಮೇಲೆ ಮೆಚ್ಚಿ ಹೇಳಿದ ಪಿಗ್ಮಿಗೂ ಹಿಡಿಯದಿದ್ದರೆ ಪಕ್ಷಪಾತವಾದೀತು. ಮಳೆಯಲ್ಲೂ ಬಿಸಿಲಲ್ಲೂ ಮನೆಮನೆ ತಿರುಗಿ ಠೇವಣಿ ಕೂಡಿಸಿದವರು ಕಮಿಷನ್ ಮೇಲೆ ದುಡಿದರು. ಅವರು ಏಜೆಂಟರೇ ಹೊರತು ಕೆಲಸಗಾರರಲ್ಲ ಎಂದು ಬ್ಯಾಂಕುಗಳು ವಾದಿಸಿದವು. ಕೈಗಾರಿಕಾ ನ್ಯಾಯಮಂಡಳಿಯಿಂದ ಸುಪ್ರೀಂ ಕೋರ್ಟಿನವರೆಗೆ ಹೋದ ಆ ವ್ಯಾಜ್ಯದಲ್ಲಿ, ಕಾಯಂ ನೌಕರರಲ್ಲದಿದ್ದರೂ ಕೈಗಾರಿಕಾ ವಿವಾದ ಕಾಯ್ದೆಯ ಅರ್ಥದಲ್ಲಿ ಅವರು ಕೆಲಸಗಾರರೇ ಎಂಬ ತೀರ್ಪು ಬಂದದ್ದು 2001ರಲ್ಲಿ, ಅಂದರೆ ಯೋಜನೆ ಆರಂಭವಾಗಿ 73 ವರ್ಷಗಳ ಮೇಲೆ. 2020ರ ಏಪ್ರಿಲ್ 1ರಂದು ಸಿಂಡಿಕೇಟ್ ಬ್ಯಾಂಕ್ ಕೆನರಾ ಬ್ಯಾಂಕಿನಲ್ಲಿ ಲೀನವಾಯಿತು. ಪೇಟೆಯ ಬೀದಿಗಳಲ್ಲಿ ಸಹಕಾರಿ ಸಂಘಗಳ ಪಿಗ್ಮಿಯವರು ಈಗಲೂ ಬರುತ್ತಾರೆ. ಹೆಗಲ ಚೀಲದಿಂದ ಅಂಗೈಯಗಲದ ಯಂತ್ರ ತೆಗೆದು, ಮೊತ್ತ ಒತ್ತಿ, ಹೊರಬಂದ ಚೀಟಿಯನ್ನು ಹರಿದು ಹೂವಿನಂಗಡಿಯವಳ ಕೈಗೆ ಕೊಡುತ್ತಾರೆ, ಅವಳು ಅದರ ಮೇಲಿನ ಅಂಕಿಯನ್ನು ನೋಡಿಯೇ ಸೆರಗಿಗೆ ಗಂಟು ಹಾಕಿಕೊಳ್ಳುತ್ತಾಳೆ.