ಆಟಿಸಂ: ನಿತ್ಯಜೀವನದ ಅರಿವು ಮತ್ತು ನೆಮ್ಮದಿ

(ಗ್ರಾಮ ಪಂಚಾಯಿತಿ ಸದಸ್ಯರು, ಅಂಗನವಾಡಿ ಹಾಗೂ ಆಶಾ ಕಾರ್ಯಕರ್ತೆಯರು, ಗ್ರಾಮೀಣ ಪುನರ್ವಸತಿ ಕಾರ್ಯಕರ್ತರ ಸಭೆಯಲ್ಲಿ ನೀಡಿದ ಉಪನ್ಯಾಸದ ಪಠ್ಯ)



ವಿಶ್ವಸಂಸ್ಥೆಯ ಮಹಾಸಭೆಯು 2007ರಲ್ಲಿ ಕೈಗೊಂಡ ನಿರ್ಣಯದಂತೆ ಪ್ರತಿವರ್ಷ ಏಪ್ರಿಲ್ 2ರಂದು ವಿಶ್ವ ಆಟಿಸಂ ಜಾಗೃತಿ ದಿನವನ್ನು ಆಚರಿಸಲಾಗುತ್ತಿದೆ. ಆಟಿಸಂ ಅಥವಾ ಸ್ವಲೀನತೆಯು ಅಂಟುರೋಗವಲ್ಲ. ತಾಯಿಯ ಅಲಕ್ಷ್ಯದಿಂದಾಗಲಿ, ಗ್ರಹಚಾರದಿಂದಾಗಲಿ ಬರುವಂಥದ್ದೂ ಅಲ್ಲ. ಅದು ಮಿದುಳಿನ ಬೆಳವಣಿಗೆಯಲ್ಲಿನ ಭಿನ್ನತೆ, ಜೀವನಪರ್ಯಂತ ಇರುತ್ತದೆ. ಆಟಿಸಂ ಇರುವ ಒಬ್ಬರು ಮಾತನ್ನೇ ಆಡದಿರಬಹುದು, ಮತ್ತೊಬ್ಬರು ಪದವಿ ಪಡೆದು ಉದ್ಯೋಗದಲ್ಲಿರಬಹುದು.

ನಿತ್ಯಜೀವನದಲ್ಲಿ ಇದು ಹಲವು ಬಗೆಯಲ್ಲಿ ಕಾಣಿಸುತ್ತದೆ. ಕುಕ್ಕರಿನ ಸೀಟಿಗೆ ಮಗು ಕಿವಿ ಮುಚ್ಚಿಕೊಂಡು ಮೂಲೆ ಸೇರಬಹುದು. ಸಮವಸ್ತ್ರದ ಕೊರಳಪಟ್ಟಿಯ ಸ್ಪರ್ಶವೇ ಅಸಹನೀಯವಾಗಬಹುದು. ಜಾತ್ರೆಯಲ್ಲಿ ತಮಟೆ, ಧ್ವನಿವರ್ಧಕ, ಜನಸಂದಣಿ ಒಮ್ಮೆಲೇ ಎರಗಿದಾಗ ನೆಲಕ್ಕೆ ಬಿದ್ದು ಚೀರಬಹುದು. ಕಂಡವರು ಅದನ್ನು ಹಠವೆಂದು ತಿಳಿಯುತ್ತಾರೆ. ಹಠವಾದರೆ ಬೇಡಿದ್ದು ಸಿಕ್ಕೊಡನೆ ನಿಲ್ಲುತ್ತದೆ. ಇದು ಇಂದ್ರಿಯಗಳ ಮೇಲಿನ ಭಾರ ಇಳಿಯುವವರೆಗೂ ನಿಲ್ಲದು. ಗದರಿಕೆ, ಹೊಡೆತಗಳು ಆ ಭಾರವನ್ನು ಹೆಚ್ಚಿಸುತ್ತವೆ. ಕೈ ಆಡಿಸುವುದು, ತೂಗಾಡುವುದು ಅನೇಕರಿಗೆ ತಮ್ಮನ್ನು ತಾವೇ ಸಂತೈಸಿಕೊಳ್ಳುವ ಬಗೆ. ಅಪಾಯವಿಲ್ಲದಿದ್ದರೆ ಅದನ್ನು ತಡೆಯಬೇಕಾಗಿಲ್ಲ.

"ಮುದ್ದು ಮಾಡಿ ಕೆಡಿಸಿದಳು" ಎಂಬ ಮಾತಿಗೆ ಅಂಜಿ ತಾಯಿ ಮದುವೆ, ಜಾತ್ರೆ, ಕೊನೆಗೆ ಗ್ರಾಮಸಭೆಗೂ ಬರುವುದನ್ನು ಬಿಡುತ್ತಾಳೆ. ಆಗ ಆ ಮನೆಯ ಅಗತ್ಯವು ಪಂಚಾಯಿತಿಯ ಯಾವ ಕಡತಕ್ಕೂ ತಲುಪುವುದಿಲ್ಲ.

ಗಾಲಿಕುರ್ಚಿ ಬಳಸುವವರಿಗಾಗಿ ಕಟ್ಟಡಕ್ಕೆ ಇಳಿಜಾರು ನಿರ್ಮಿಸಲಾಗುತ್ತದೆ. ಆಟಿಸಂ ಇರುವವರಿಗೂ ಇಳಿಜಾರು ಬೇಕು. ಅದಕ್ಕೆ ಸಿಮೆಂಟು ಬೇಡ. ದಿನಚರಿಯ ಬದಲಾವಣೆಯನ್ನು ಮೊದಲೇ ತಿಳಿಸುವುದು, ಚಿಕ್ಕ ವಾಕ್ಯಗಳಲ್ಲಿ ಮಾತನಾಡುವುದು, ಉತ್ತರಕ್ಕೆ ಕಾಯುವುದು, ಮಾತು ಬಾರದವರಿಗೆ ಚಿತ್ರಪಟ ಒದಗಿಸುವುದು, ಅಂಗನವಾಡಿಯಲ್ಲೊಂದು ಸದ್ದಿಲ್ಲದ ಮೂಲೆ, ಪಡಿತರದ ಸರದಿಯಲ್ಲಿ ಆದ್ಯತೆ: ಇವೇ ಆ ಇಳಿಜಾರು. ಕಣ್ಣಿಗೆ ಕಣ್ಣು ಕೊಟ್ಟು ಮಾತನಾಡಲೇಬೇಕೆಂಬ ಒತ್ತಾಯವೂ ಸಲ್ಲದು.

ಒಂದೂವರೆ ವರ್ಷವಾದರೂ ಹೆಸರು ಕರೆದರೆ ತಿರುಗದ, ಬೇಕಾದುದನ್ನು ಬೆರಳು ಮಾಡಿ ತೋರಿಸದ ಮಗುವನ್ನು "ತಡವಾಗಿ ಮಾತು ಬರುತ್ತದೆ" ಎಂದು ಬಿಡದೆ, ಮೊದಲು ಶ್ರವಣ ಪರೀಕ್ಷೆಗೂ ಬೆಳವಣಿಗೆಯ ತಪಾಸಣೆಗೂ ಕಳುಹಿಸಬೇಕು.

ವಿಕಲಚೇತನರ ಹಕ್ಕುಗಳ ಕಾಯ್ದೆ, 2016 ಗುರುತಿಸಿರುವ 21 ಬಗೆಯ ವೈಕಲ್ಯಗಳಲ್ಲಿ ಆಟಿಸಂ ಸೇರಿದೆ. ಪ್ರಮಾಣಪತ್ರ ಹಾಗೂ ಯುಡಿಐಡಿ ಕಾರ್ಡಿಗೆ ಅರ್ಜಿ ಸಲ್ಲಿಸಲು ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು ನೆರವಾಗಬೇಕು. ರಾಷ್ಟ್ರೀಯ ನ್ಯಾಸದ ನಿರಾಮಯ ಯೋಜನೆಯಡಿ 1 ಲಕ್ಷ ರೂಪಾಯಿವರೆಗಿನ ಆರೋಗ್ಯ ವಿಮೆಯಿದೆ. "ನಮ್ಮ ಕಾಲಾನಂತರ ಮಗುವಿಗೆ ಯಾರು?" ಎಂಬುದು ಪ್ರತಿಯೊಬ್ಬ ಪೋಷಕರ ಕೊರಗು. 18 ವರ್ಷ ತುಂಬಿದವರಿಗೆ ಅಗತ್ಯವಿದ್ದಲ್ಲಿ ಕಾನೂನುಬದ್ಧ ಪಾಲಕರನ್ನು ನೇಮಿಸಲು 1999ರ ರಾಷ್ಟ್ರೀಯ ನ್ಯಾಸ ಕಾಯ್ದೆಯು ಜಿಲ್ಲಾಧಿಕಾರಿಗಳನ್ನೊಳಗೊಂಡ ಸ್ಥಳೀಯ ಮಟ್ಟದ ಸಮಿತಿಗೆ ಅಧಿಕಾರ ನೀಡಿದೆ. ಈ ವಿಷಯವನ್ನು ಪೋಷಕರಿಗೆ ಮನೆಬಾಗಿಲಲ್ಲೇ ತಿಳಿಸಬೇಕು.

ಮುಂದಿನ ಗ್ರಾಮಸಭೆಗೆ ಮುನ್ನ ಪ್ರತಿ ವಾರ್ಡಿನಲ್ಲಿಯೂ ಇಂತಹ ಮನೆಗಳನ್ನು ಭೇಟಿ ಮಾಡಿ, ಅವರಿಗೆ ಏನು ಬೇಕೆಂದು ಕೇಳಿ ಬರೆದುಕೊಳ್ಳುವುದು ಅವಶ್ಯ. ಆಟಿಸಂ ಇರುವ ವ್ಯಕ್ತಿಯನ್ನೂ ಕೇಳಬೇಕು. ಉತ್ತರವು ಮಾತಿನಲ್ಲೇ ಬರಬೇಕೆಂದಿಲ್ಲ.