ಮಿದುಳ ಪೊರೆಯ ಗಡ್ಡೆ



ಉತ್ಸವದ ಸಭೆಯಲ್ಲಿ ವ್ಯಾಧಿಯ ಮಾತೇಕೆಂದು ತಮ್ಮಲ್ಲಿ ಕೆಲವರಿಗೆ ತೋರಬಹುದು. ‘ತಲೆಯಲ್ಲಿ ಗಡ್ಡೆ’ ಎಂಬ ಮಾತು ಕಿವಿಗೆ ಬಿದ್ದೊಡನೆ ಮನೆಮಂದಿಯೆಲ್ಲ ಆಸೆ ತೊರೆದು ಕುಳಿತುಬಿಡುವುದುಂಟು. ಆ ಗಡ್ಡೆಗಳೆಲ್ಲ ಒಂದೇ ಜಾತಿಯವಲ್ಲ. ಒಂದು ಬಗೆಯದು ಮಿದುಳಿನಲ್ಲಿ ಹುಟ್ಟಿದ್ದೇ ಅಲ್ಲವೆಂಬುದನ್ನು ಅರಿಕೆ ಮಾಡಲು ಬಂದಿದ್ದೇನೆ.

ಮಿದುಳಿಗೆ ಮೂರು ಹೊದಿಕೆಗಳುಂಟು. ತಲೆಬುರುಡೆಗೆ ಅಂಟಿದ ಹೊರಪೊರೆ ತೊಗಲಿನಂತೆ ಗಡುಸು. ಮಿದುಳನ್ನು ತಬ್ಬಿಕೊಂಡಿರುವ ಒಳಪೊರೆ ಅತಿ ನವಿರು. ನಡುವಿನದು ಜೇಡರ ಬಲೆಯಂತಹುದು. ಈ ನಡುಪೊರೆಯ ಜೀವಕೋಶಗಳು ಮಿತಿಮೀರಿ ಬೆಳೆದು ಆಗುವ ಗಡ್ಡೆಯೇ ಮೆನಿಂಜಿಯೋಮ. ಸಾಮಾನ್ಯವಾಗಿ ಅದು ಹೊರಪೊರೆಯಲ್ಲಿ ಬೇರೂರಿ, ಮಿದುಳನ್ನು ಹೊರಗಿನಿಂದ ಒತ್ತುತ್ತದೆ. ಹತ್ತರಲ್ಲಿ ಸುಮಾರು ಎಂಟು ಸೌಮ್ಯವಾದವು, ಕ್ಯಾನ್ಸರ್ ಅಲ್ಲ. ಗಂಡಸರಿಗಿಂತ ಹೆಂಗಸರಲ್ಲಿ ಇದು ಹೆಚ್ಚು.

1922ರಲ್ಲಿ ಈ ಹೆಸರನ್ನಿಟ್ಟವರು ಅಮೆರಿಕದ ಶಸ್ತ್ರವೈದ್ಯ ಹಾರ್ವೆ ಕುಶಿಂಗ್. ಅವರ ರೋಗಿಗಳಲ್ಲಿ ಸೇನಾನಿ ಲಿಯೊನಾರ್ಡ್ ವುಡ್ ಒಬ್ಬರು. ವುಡ್ ಸ್ವತಃ ವೈದ್ಯಪದವೀಧರರು. ಅವರಿಗೆ ಎಡಗಾಲಿನಲ್ಲಿ ಸೆಳೆತ, ಬಲಹೀನತೆ. ಎಡಗಾಲನ್ನು ಆಳುವ ಭಾಗ ಬಲಮಿದುಳಿನ ನೆತ್ತಿಯ ಬಳಿ ಇರುವುದರಿಂದ ಅಲ್ಲಿಯೇ ಗಡ್ಡೆ ಇತ್ತು. 1910ರಲ್ಲಿ ಕುಶಿಂಗರು ಅದನ್ನು ತೆಗೆದರು. ಆ ಬಳಿಕ ವುಡ್ ಸೈನ್ಯದ ಮುಖ್ಯಸ್ಥರಾದರು. 1920ರಲ್ಲಿ ಅಧ್ಯಕ್ಷ ಪದವಿಯ ಉಮೇದುವಾರಿಕೆಗೂ ಹೋರಾಡಿದರು. ಮರುವರ್ಷ ಫಿಲಿಪ್ಪೀನ್ಸ್ ದ್ವೀಪಗಳ ಗವರ್ನರ್ ಜನರಲ್ ಆದರು. ತಲೆ ತೆರೆದವರು ಬದುಕಿದರೂ ಕೆಲಸಕ್ಕೆ ಬಾರರೆನ್ನುವವರು ಈ ಚರಿತ್ರೆಯನ್ನು ಓದಬೇಕು!

ಇದು ನಿಧಾನವಾಗಿ ಬೆಳೆಯುವ ಗಡ್ಡೆ, ಮೋಸವಿರುವುದೂ ಅಲ್ಲಿಯೇ. ಮೂಗಿನ ಮೇಲಣ ಎಡೆಯಲ್ಲಿ ಬೆಳೆದರೆ ವಾಸನೆ ತಿಳಿಯದಾಗುತ್ತದೆ. ಒಗ್ಗರಣೆ ಸೀದರೂ ಗೃಹಿಣಿಗೆ ಗೊತ್ತಾಗದು. ಹಣೆಯ ಹಿಂದೆ ಬೆಳೆದರೆ ಚುರುಕಾಗಿದ್ದ ಹಿರಿಯರು ಮಂಕಾಗುತ್ತಾರೆ. ಮನೆಯವರು ‘ವಯಸ್ಸಾಯಿತು’ ಎಂದು ಸುಮ್ಮನಾಗುತ್ತಾರೆ. ನಡುವಯಸ್ಸಿನಲ್ಲಿ ಮೊದಲ ಬಾರಿಗೆ ಮೂರ್ಛೆ ಬಂದರೆ ಗಾಳಿಸೋಂಕೆಂದು ತಾಯಿತ ಕಟ್ಟಿಸಿ ತಿಂಗಳುಗಳನ್ನು ಕಳೆಯುವುದು ಅನ್ಯಾಯ. ಇವೆಲ್ಲಕ್ಕೂ ಬೇರೆ ಕಾರಣಗಳೂ ಇರಬಹುದು, ನಿಜ. ಅದನ್ನು ತೀರ್ಮಾನಿಸುವುದು ವೈದ್ಯರ ಕೆಲಸ. ನಾವು ಗಡಿಯವರು ಪರಭಾಷೆಯ ಊರಿನ ಆಸ್ಪತ್ರೆಗೆ ಹೋಗಬೇಕಾದಾಗ, ಯಾವ ಕೈ, ಎಂದಿನಿಂದ, ಮೊದಲು ಏನಾಯಿತು ಎಂಬುದನ್ನು ತಿಳಿಯಹೇಳಬಲ್ಲವರೊಬ್ಬರನ್ನು ಜೊತೆಗೆ ಕರೆದೊಯ್ಯುವುದು ಲೇಸು. ರೋಗದ ನೆಲೆ ಮೊದಲು ಗೋಚರವಾಗುವುದು ರೋಗಿಯ ಮಾತಿನಲ್ಲಿ, ಸ್ಕ್ಯಾನ್ ಆಮೇಲಿನದು.

‘ತೆಗೆಸಲೇಬೇಕೇ?’ ಎಂದು ಎಲ್ಲರೂ ಕೇಳುತ್ತಾರೆ. ಯಾವಾಗಲೂ ಬೇಡ. ಗಡ್ಡೆ ಕಿರಿದಾಗಿದ್ದು ತೊಂದರೆ ಕೊಡದಿದ್ದರೆ, ಆಗಾಗ ಸ್ಕ್ಯಾನ್ ಮಾಡಿಸುತ್ತ ಕಾಯುವುದೂ ಚಿಕಿತ್ಸೆಯೇ. ಬೆಳೆಯುತ್ತಿದ್ದರೆ, ದೃಷ್ಟಿಗೋ ಕೈಕಾಲಿಗೋ ಕುಂದು ತಂದರೆ, ಶಸ್ತ್ರಚಿಕಿತ್ಸೆ. ಕತ್ತಿಗೆ ಎಟುಕದೆಡೆಯಲ್ಲಿ ಕಿರಣಚಿಕಿತ್ಸೆ. ಗಡ್ಡೆಯೊಡನೆ ಅದು ಬೇರೂರಿದ ಪೊರೆಯನ್ನೂ ಎಷ್ಟು ಪೂರ್ಣವಾಗಿ ತೆಗೆದರೆ ಅಷ್ಟು ಮರುಕಳಿಕೆ ಕಡಮೆಯೆಂದು 1957ರಲ್ಲಿ ಡೊನಾಲ್ಡ್ ಸಿಂಪ್ಸನ್ ತೋರಿಸಿಕೊಟ್ಟರು. ವುಡ್ ಅವರ ಗಡ್ಡೆ ಮರಳಿ ಬೆಳೆಯಿತು. 1927ರಲ್ಲಿ ಬೋಸ್ಟನ್ ನಗರದಲ್ಲಿ ಕುಶಿಂಗರೇ ಮತ್ತೆ ಶಸ್ತ್ರಕ್ರಿಯೆ ನಡೆಸಿದರೂ ಅವರು ಉಳಿಯಲಿಲ್ಲ. ಮೊದಲ ಶಸ್ತ್ರಕ್ರಿಯೆಯಾಗಿ ಆಗ 17 ವರ್ಷಗಳಾಗಿದ್ದವು. ಗುಣವಾಯಿತೆಂದು ಮನೆಗೆ ಕಳುಹಿಸಿದ ಮೇಲೆಯೂ ವೈದ್ಯರು ವರುಷಗಟ್ಟಲೆ ಸ್ಕ್ಯಾನಿಗೆ ಕರೆಯುವುದು ಈ ಕಾರಣದಿಂದ.